ಅಂಗಳದ ಕಣಗಿಲೆ, ಮನೆಯ ನಾಯಿ

ಚನ್ನರಾಯಪಟ್ಟಣ ಸೀಮೆಯ ಊರುಗಳಲ್ಲಿ ಮನೆಯ ಮುಂದೆಯೋ ಹಿತ್ತಲಿನಲ್ಲಿಯೋ ಒಂದು ಕಣಗಿಲೆ ಗಿಡವನ್ನು ಕಾಣುವುದು ಸಾಮಾನ್ಯ. ಆಡುಮಾತಿನಲ್ಲಿ ಇದನ್ನೇ ಗಣಗಲೆ ಎನ್ನುತ್ತಾರೆ. ನೀರು ಹಾಕದಿದ್ದರೂ ಬದುಕುವ, ಕಡುಬೇಸಗೆಯಲ್ಲಿಯೂ ಎಲೆಯುದುರಿಸದೆ ಹಸಿರಾಗಿ ನಿಲ್ಲುವ, ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕದ ಗಿಡವೆಂದು ಹಿರಿಯರು ಇದನ್ನು ಬೇಲಿಯಂಚಿಗೆ ನೆಟ್ಟರು. ಪೂಜೆಗೆ ವರ್ಷದ ಬಹುಕಾಲ ಹೂ ಒದಗಿಸುವ ಗಿಡವೆಂಬ ಮಮತೆಯೂ ಅದರ ಮೇಲಿದೆ. ತೋಟದ ಮನೆಗಳ ಸುತ್ತ, ಶಾಲೆಯ ಆವರಣದಲ್ಲಿ, ಗುಡಿಯ ಪೌಳಿಯಲ್ಲಿ, ಹೆದ್ದಾರಿಯ ನಡುವಿನ ವಿಭಜಕದಲ್ಲಿಯೂ ಇದು ಹಬ್ಬಿ ನಿಂತಿದೆ.

ಇದೇ ಅಂಗಳದಲ್ಲಿ ಇನ್ನೊಂದು ಜೀವವೂ ಇರುತ್ತದೆ. ತೆಂಗಿನ ತೋಟ ಕಾಯುವುದು, ಅಪರಿಚಿತರು ಬಂದಾಗ ಬೊಗಳಿ ಎಚ್ಚರಿಸುವುದು, ಮಕ್ಕಳೊಡನೆ ಆಡುವುದು ಆ ನಾಯಿಯ ನಿತ್ಯದ ಕೆಲಸ. ಈ ಗಿಡ ಮತ್ತು ಈ ಪ್ರಾಣಿ ಒಂದೇ ಅಂಗಳದಲ್ಲಿ ಇರುವುದು ಕ್ಷೇಮವೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡಿಲ್ಲ. ಕಣಗಿಲೆಯ ಬುಡದಲ್ಲಿ ಮಲಗಿದ ಮಾತ್ರಕ್ಕೆ ನಾಯಿಗೆ ಏನೂ ಆಗದು. ಆದರೆ ಅದರ ಎಲೆ, ಕಡ್ಡಿ, ಕಾಯಿ ಅಥವಾ ಹೂವು ಹೊಟ್ಟೆಗೆ ಹೋದರೆ ಪ್ರಾಣಾಪಾಯವಿದೆ. ಹೂವು ಎಷ್ಟು ಸುಂದರವೋ ಗಿಡದ ವಿಷ ಅಷ್ಟೇ ಉಗ್ರವಾದುದು. ಇದನ್ನು ಅರಿತು ನಡೆದರೆ ಗಿಡವೂ ಉಳಿಯುತ್ತದೆ, ಪ್ರಾಣಿಯೂ ಉಳಿಯುತ್ತದೆ.

ಕಹಿಯೆಲ್ಲ ವಿಷವಲ್ಲ

ಮನೆಯ ಸುತ್ತಲಿನ ಹಸಿರು ಮರಗಳನ್ನು ನೋಡುವಾಗ ನಮ್ಮಲ್ಲಿ ಒಂದು ತಪ್ಪು ಲೆಕ್ಕಾಚಾರವಿದೆ. ಕಹಿಯಾದುದು ಅಪಾಯಕಾರಿ, ಹೂ ಬಿಡುವ ಚೆಲುವಾದುದು ನಿರಪಾಯಕಾರಿ ಎಂದು ಭಾವಿಸುತ್ತೇವೆ. ಬೇವಿನ ಮರವನ್ನು ತೆಗೆದುಕೊಳ್ಳಿ. ಅದರ ಎಲೆ, ತೊಗಟೆ, ಬೀಜ ಎಲ್ಲವೂ ಕಹಿ. ಆದರೂ ಬೇವಿನ ನೆರಳಿನಲ್ಲಿ ನಾಯಿ ಮಲಗುವುದರಿಂದಾಗಲಿ, ಉದುರಿದ ಒಂದೆರಡು ಎಲೆಗಳು ಬಾಯಿಗೆ ಹೋಗುವುದರಿಂದಾಗಲಿ ಸಾಮಾನ್ಯವಾಗಿ ಕೇಡಿಲ್ಲ. ಬೇವಿನಲ್ಲಿ ಎಚ್ಚರ ವಹಿಸಬೇಕಾದುದು ಬೀಜದಿಂದ ತೆಗೆದ ಎಣ್ಣೆಯ ವಿಷಯದಲ್ಲಿ. ಉಣ್ಣೆ, ಚಿಗಟಗಳ ನಿವಾರಣೆಗೆಂದು ಗಟ್ಟಿ ಎಣ್ಣೆಯನ್ನು ಮೈಗೆಲ್ಲ ಬಳಿದರೆ ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಎಳೆಯ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಿದಾಗ ವಾಂತಿ, ಸೆಳವು ಉಂಟಾಗಿ ಅಪಾಯವಾದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಆದುದರಿಂದ ಪಶುವೈದ್ಯರ ಸಲಹೆಯಿಲ್ಲದೆ ನಾಯಿಗೆ ಬೇವಿನ ಎಣ್ಣೆಯನ್ನು ಬಳಸುವುದು ಸಲ್ಲದು. ಮರಕ್ಕೆ ಮಾತ್ರ ಹೆದರಬೇಕಾಗಿಲ್ಲ.

ಮಾವಿನ ಮರದ ವಿಷಯವೂ ಹೀಗೆಯೇ. ಅದರ ನೆರಳು ಕ್ಷೇಮ. ಆದರೆ ಗೊರಟೆಯನ್ನು ಇಡಿಯಾಗಿ ನುಂಗಿದ ನಾಯಿಗೆ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅಲ್ಲಿರುವುದು ವಿಷದ ಭಯವಲ್ಲ, ಗಾತ್ರದ ಭಯ. ಕಣಗಿಲೆಯ ಸಂಗತಿ ಇವೆರಡಕ್ಕಿಂತಲೂ ಬೇರೆ. ಅಲ್ಲಿ ಅಪಾಯವು ಗಿಡದ ಪ್ರತಿಯೊಂದು ಭಾಗದಲ್ಲಿಯೂ ಅಡಗಿದೆ.

ಒಂದು ಹೆಸರು, ಹಲವು ಗಿಡ

ಕಣಗಿಲೆ ಎಂಬ ಹೆಸರಿನಲ್ಲಿ ನಾವು ಮುಖ್ಯವಾಗಿ ಎರಡು ಗಿಡಗಳನ್ನು ಕರೆಯುತ್ತೇವೆ. ಮೊದಲನೆಯದು ಕೆಂಪು, ಗುಲಾಬಿ ಮತ್ತು ಬಿಳಿಯ ಹೂಗಳ ಕಣಗಿಲೆ. ಸಂಸ್ಕೃತದಲ್ಲಿ ಇದು ಕರವೀರ, ಸಸ್ಯಶಾಸ್ತ್ರದಲ್ಲಿ ನೀರಿಯಮ್ ಒಲಿಯಾಂಡರ್. ಉದ್ದನೆಯ, ದಪ್ಪ, ಈಟಿಯಾಕಾರದ ಎಲೆಗಳು ಸಾಮಾನ್ಯವಾಗಿ ಒಂದು ಗೆಣ್ಣಿನಲ್ಲಿ ಮೂರರಂತೆ ಮೂಡಿರುತ್ತವೆ.

ಎರಡನೆಯದು ಹಳದಿ ಗಂಟೆಯಂಥ ಹೂಗಳ ಕಾಡುಕಣಗಿಲೆ. ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ್ದು. ಬಹುಕಾಲದ ಹಿಂದೆಯೇ ನಮ್ಮ ನಾಡಿಗೆ ಬಂದು ಇಲ್ಲಿಯದೇ ಎಂಬಂತೆ ನೆಲೆಸಿದೆ. 16ನೆಯ ಶತಮಾನದ ಫ್ರಾನ್ಸಿನ ಸಂನ್ಯಾಸಿ ಆಂದ್ರೆ ತೆವೆ ಎಂಬವರ ನೆನಪಿಗಾಗಿ ಸಸ್ಯಶಾಸ್ತ್ರಜ್ಞರು ಇದಕ್ಕೆ ಥೆವೆಟಿಯಾ ಎಂಬ ಹೆಸರನ್ನಿಟ್ಟರು. ಎಲೆಗಳು ಕಿರಿದು, ನೀಳ, ಹೊಳಪುಳ್ಳವು. ಕಾಯಿ ಹಸಿರಾಗಿದ್ದು, ಮಾಗಿದಾಗ ಕಪ್ಪಾಗುತ್ತದೆ. ಒಳಗೆ ಗಟ್ಟಿಯಾದ ಓಟೆ, ಅದರೊಳಗೆ ಬೀಜ. ಮರದ ಎತ್ತರಕ್ಕೆ ಬೆಳೆಯುವ ಗಿಡವಾದುದರಿಂದ ಕಾಯಿಗಳು ತಾವಾಗಿಯೇ ನೆಲಕ್ಕುರುಳುತ್ತವೆ. ಈ ಬೀಜವು ಗಿಡದ ಭಾಗಗಳಲ್ಲೆಲ್ಲ ಹೆಚ್ಚು ಅಪಾಯಕಾರಿಯಾದುದು.

ಇವೆರಡರ ಜೊತೆಗೆ ದೇವಕಣಗಿಲೆ ಎಂಬ ಇನ್ನೊಂದು ಮರವಿದೆ. ದಪ್ಪ ರೆಂಬೆಗಳ, ಸುವಾಸನೆಯ ಬಿಳಿ ಹೂಗಳ ಈ ಮರ ಅದೇ ಕುಟುಂಬಕ್ಕೆ ಸೇರಿದ್ದರೂ ಬೇರೆ ಜಾತಿಯದು. ಅದರ ಹಾಲು ಬಾಯಿ, ಹೊಟ್ಟೆಗಳನ್ನು ಕೆರಳಿಸುತ್ತದೆ. ಆದರೆ ಮೊದಲಿನ ಎರಡರಷ್ಟು ಭೀಕರವಲ್ಲ. ಬೇಲಿಬದಿಯ ಎಕ್ಕದ ಗಿಡವು ಇವುಗಳ ನಂಟೇ ಆಗಿದ್ದು, ಅದರ ಹಾಲಿನಲ್ಲಿಯೂ ಹೃದಯವನ್ನು ಬಾಧಿಸುವ ಅಂಶಗಳಿವೆ.

ಆಯುರ್ವೇದದ ಪ್ರಾಚೀನರು ಈ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕರವೀರಕ್ಕೆ ಅವರು ಕೊಟ್ಟ ಮತ್ತೊಂದು ಹೆಸರು ಅಶ್ವಮಾರಕ, ಎಂದರೆ ಕುದುರೆಯನ್ನು ಕೊಲ್ಲುವುದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಬೇರಿನ ವಿಷಗಳನ್ನು ಎಣಿಸುವಾಗ ಇದರ ಹೆಸರು ಬರುತ್ತದೆ. ಉಪವಿಷಗಳ ಗುಂಪಿಗೆ ಸೇರಿದ ಇದನ್ನು ಶುದ್ಧಿಗೊಳಿಸದೆ ಔಷಧದಲ್ಲಿ ಬಳಸಬಾರದೆಂಬುದು ಶಾಸ್ತ್ರದ ಕಟ್ಟುಪಾಡು.

ಹೃದಯವನ್ನು ಹಿಡಿಯುವ ವಿಷ

ಕಣಗಿಲೆಯ ವಿಷವು ಹೊಟ್ಟೆಯನ್ನು ಕೆಡಿಸುವುದರಲ್ಲಿ ನಿಲ್ಲುವುದಿಲ್ಲ. ಅದು ನೇರವಾಗಿ ಹೃದಯವನ್ನು ಹಿಡಿಯುತ್ತದೆ. ಕೆಂಪು ಕಣಗಿಲೆಯಲ್ಲಿ ಒಲಿಯಾಂಡ್ರಿನ್, ಹಳದಿಯದರಲ್ಲಿ ಥೆವೆಟಿನ್ ಮೊದಲಾದ ಸಂಯುಕ್ತಗಳಿವೆ. ಇವುಗಳಿಗೆ ಹೃದಯ ಗ್ಲೈಕೋಸೈಡ್‌ಗಳೆಂದು ಹೆಸರು. ಹೃದ್ರೋಗಿಗಳಲ್ಲಿ ಕೆಲವರು ವೈದ್ಯರ ಸೂಚನೆಯಂತೆ ಸೇವಿಸುವ ಡಿಜಾಕ್ಸಿನ್ ಮಾತ್ರೆಯೂ ಇದೇ ಕುಲದ್ದು. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಗಿಡದ ಔಷಧೀಯ ಉಪಯೋಗವನ್ನು ಕುರಿತು ಗ್ರಂಥ ಬರೆದಂದಿನಿಂದ ಇಂದಿನವರೆಗೂ ಈ ಕುಲದ ಔಷಧಗಳ ಬಗ್ಗೆ ವೈದ್ಯರು ಹೇಳುತ್ತ ಬಂದಿರುವ ಮಾತು ಒಂದೇ: ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಗಿಡದ ಎಲೆಯನ್ನು ಅಳೆದು ತಿನ್ನುವವರಾರು?

ಇದು ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ಹೃದಯದ ಪ್ರತಿಯೊಂದು ಜೀವಕೋಶದ ಗೋಡೆಯಲ್ಲಿಯೂ ಸೂಕ್ಷ್ಮವಾದ ಪಂಪುಗಳಿವೆ. ಪ್ರತಿ ಸುತ್ತಿನಲ್ಲಿ 3 ಸೋಡಿಯಂ ಕಣಗಳನ್ನು ಹೊರಗೆ ಹಾಕಿ, 2 ಪೊಟ್ಯಾಸಿಯಂ ಕಣಗಳನ್ನು ಒಳಗೆ ಸೆಳೆದುಕೊಳ್ಳುವುದು ಅವುಗಳ ಕೆಲಸ. ಹೃದಯದ ಮಿಡಿತದ ಲಯ ನಿಂತಿರುವುದೇ ಈ ಏರ್ಪಾಡಿನ ಮೇಲೆ. ಕಣಗಿಲೆಯ ವಿಷ ಆ ಪಂಪುಗಳನ್ನು ತಡೆಯುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಜೀವಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಮಿಡಿತ ತಾಳ ತಪ್ಪುತ್ತದೆ. ಒಮ್ಮೆ ನಿಧಾನ, ಒಮ್ಮೆ ಅತಿವೇಗ, ಕೊನೆಗೆ ಸ್ತಬ್ಧ. ಮನುಷ್ಯ, ಹಸು, ಕುದುರೆ, ನಾಯಿ ಎಂಬ ಭೇದ ಈ ವಿಷಕ್ಕಿಲ್ಲ.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಎಲೆ ಒಣಗಿದರೂ ವಿಷ ಉಳಿಯುತ್ತದೆ. ಹಸಿ ಎಲೆಯ ಕಹಿಗೆ ಹಿಂಜರಿಯುವ ಪ್ರಾಣಿ ಒಣ ಎಲೆಯನ್ನು ಸುಲಭವಾಗಿ ತಿಂದುಬಿಡಬಹುದು. ಆದುದರಿಂದ ಕತ್ತರಿಸಿ ಒಣಗಿಸಿದ ಕೊಂಬೆಯೇ ಹಸಿ ಗಿಡಕ್ಕಿಂತ ಹೆಚ್ಚು ಮೋಸದ್ದು. ಹೂವನ್ನು ಹಾಕಿಟ್ಟ ಪಾತ್ರೆಯ ನೀರಿಗೂ ವಿಷ ಇಳಿಯುತ್ತದೆ. ಸುಟ್ಟಾಗ ಏಳುವ ಹೊಗೆಯೂ ಒಳ್ಳೆಯದಲ್ಲ.

ಕಹಿಯಾದುದನ್ನು ನಾಯಿ ತಿನ್ನುವುದೇಕೆ?

ಬೆಳೆದ ನಾಯಿಗಳು ಕಣಗಿಲೆಯ ಎಲೆಯನ್ನು ಹಸಿವಿನಿಂದ ಮೇಯುವುದಿಲ್ಲ ಎಂಬುದು ನಿಜ. ಗಿಡದ ಕಹಿಯೇ ಬಹುಮಟ್ಟಿಗೆ ಕಾವಲು. ಬಾಯಿಗೆ ಹಾಕಿದರೂ ಉಗುಳುತ್ತವೆ. ನುಂಗಿದರೂ ಬೇಗ ವಾಂತಿ ಮಾಡಿಕೊಳ್ಳುತ್ತವೆ. ವಾಂತಿ ಮಾಡಲಾಗದ ಕುದುರೆಗೆ ಈ ಅನುಕೂಲವಿಲ್ಲ. ಎಷ್ಟೋ ಮನೆಗಳಲ್ಲಿ ಗಿಡವೂ ನಾಯಿಯೂ ಹತ್ತಾರು ವರ್ಷ ಜೊತೆಗಿದ್ದು ಏನೂ ಆಗದಿರುವುದಕ್ಕೆ ಕಾರಣ ಇದೇ. ಹಾಗೆಂದು ಗಿಡ ನಿರಪಾಯಕಾರಿ ಎಂದು ತೀರ್ಮಾನಿಸಲಾಗದು. ಅಪಾಯ ಬರುವುದು ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ.

ಮೊದಲನೆಯದು ಮರಿಗಳು. ಹಲ್ಲು ಬರುವ ವಯಸ್ಸಿನ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಗಟ್ಟಿಯಾದ ಕಣಗಿಲೆಯ ಓಟೆ ಅದಕ್ಕೆ ಆಟದ ಗೋಲಿ. ಎರಡನೆಯದು ಕಟ್ಟಿಹಾಕಿದ ನಾಯಿ. ಚಿರತೆಯ ಭಯದಿಂದಲೋ ತೋಟದ ಕಾವಲಿಗೆಂದೋ ನಾಯಿಯನ್ನು ಬೇಲಿಯ ಬಳಿ ಸರಪಳಿಯಿಂದ ಕಟ್ಟುವ ರೂಢಿ ಇದೆ. ದಿನವಿಡೀ ಬೇರೆ ಕೆಲಸವಿಲ್ಲದ ನಾಯಿ ಬೇಸರಕ್ಕೆ ಹತ್ತಿರದ ಕೊಂಬೆಯನ್ನು ಕಚ್ಚುತ್ತದೆ. ಮೂರನೆಯದು ಆಟದ ಕಡ್ಡಿ. ನಾಯಿಗೆ ಎಸೆದು ತರಿಸಲು ಮಕ್ಕಳು ಕೈಗೆ ಸಿಕ್ಕ ಕೊಂಬೆಯನ್ನು ಮುರಿದುಕೊಳ್ಳುತ್ತಾರೆ. ಅದು ಕಣಗಿಲೆಯದೇ ಎಂದು ಅವರಿಗೆ ತಿಳಿದಿರುವುದಿಲ್ಲ. ನಾಲ್ಕನೆಯದು ನೀರು. ಗಿಡದ ಕೆಳಗಿಟ್ಟ ಬಾನಿಯಲ್ಲಿ ಎಲೆ, ಹೂಗಳು ಬಿದ್ದು ಕೊಳೆಯುತ್ತವೆ. ನಾಯಿ ಅದನ್ನೇ ಕುಡಿಯುತ್ತದೆ. ಐದನೆಯದು ಪೂಜೆಯ ನಿರ್ಮಾಲ್ಯ. ಹಳೆಯ ಹಾರಗಳನ್ನು ಮನೆಯ ಪಕ್ಕಕ್ಕೆ ಸುರಿದಾಗ ಅದರೊಂದಿಗೆ ಬೆರೆತ ಬಾಳೆಹಣ್ಣು, ಕೊಬ್ಬರಿಗಳ ವಾಸನೆಗೆ ಬಂದ ನಾಯಿ ಹೂವನ್ನೂ ನುಂಗಬಹುದು.

ತಿಳಿಯುವುದು ಹೇಗೆ?

ವಿಷ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಲಕ್ಷಣಗಳು ತೋರುತ್ತವೆ. ಮೊದಲು ಜೊಲ್ಲು ಸುರಿಯುವುದು, ಮತ್ತೆ ಮತ್ತೆ ವಾಂತಿ, ಹೊಟ್ಟೆನೋವಿನಿಂದ ಮುದುಡಿ ಕೂರುವುದು, ಭೇದಿ. ಕೆಲವೊಮ್ಮೆ ಭೇದಿಯಲ್ಲಿ ರಕ್ತ. ಬಳಿಕ ನಿಶ್ಶಕ್ತಿ, ತೂರಾಡುವ ನಡಿಗೆ, ಕಾಲುಗಳು ತಣ್ಣಗಾಗುವುದು. ಸಾಮಾನ್ಯವಾಗಿ ಗುಲಾಬಿ ಬಣ್ಣದ್ದಾದ ವಸಡು ಬಿಳಿಚಿಕೊಳ್ಳುತ್ತದೆ. ನಾಯಿಯ ಹಿಂದೊಡೆಯ ಒಳಭಾಗದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಬೆಳೆದ ನಾಯಿಯ ಮಿಡಿತ ಅದರ ಗಾತ್ರವನ್ನು ಅನುಸರಿಸಿ ನಿಮಿಷಕ್ಕೆ ಸುಮಾರು 60ರಿಂದ 140. ಅದು ತೀರ ನಿಧಾನವಾದರೆ ಅಥವಾ ನಡುನಡುವೆ ತಪ್ಪಿ ಮಿಡಿದರೆ ವಿಷ ಹೃದಯವನ್ನು ಮುಟ್ಟಿದೆ ಎಂದೇ ತಿಳಿಯಬೇಕು. ವಾಂತಿ ನಿಂತಿತೆಂದು ಸಮಾಧಾನಪಡುವುದು ತಪ್ಪು. ಹೊಟ್ಟೆಯ ತೊಂದರೆ ಶಮನವಾದ ಮೇಲೆಯೂ ಹೃದಯದ ತೊಂದರೆ ಮುಂದುವರಿಯಬಹುದು.

ಮಾಡಬೇಕಾದುದು, ಮಾಡಬಾರದುದು

ನಾಯಿಯ ಬಾಯಲ್ಲಿ ಕಣಗಿಲೆಯ ಚೂರು ಕಂಡರೆ ಲಕ್ಷಣ ತೋರುವವರೆಗೆ ಕಾಯಬಾರದು. ಬಾಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ತೆಗೆದು, ಆಮೇಲೆ ಕೈ ತೊಳೆದುಕೊಳ್ಳಿ. ಯಾವ ಭಾಗವನ್ನು, ಎಷ್ಟನ್ನು, ಯಾವ ಹೊತ್ತಿಗೆ ತಿಂದಿತೆಂಬುದನ್ನು ನೆನಪಿಟ್ಟುಕೊಂಡು, ಗಿಡದ ಒಂದು ಕೊಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಹೋಗಿ. ನಾಯಿಯನ್ನು ಓಡಿಸಬೇಡಿ, ನಡೆಸಬೇಡಿ, ಎತ್ತಿಕೊಂಡೇ ಸಾಗಿಸಿ. ದಣಿವು ಹೃದಯಕ್ಕೆ ಇನ್ನಷ್ಟು ಭಾರ.

ಮನೆಮದ್ದಿಗೆ ಇದು ಸಮಯವಲ್ಲ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ರೂಢಿ ಇದೆ. ನಾಯಿಗೆ ಅತಿಯಾದ ಉಪ್ಪು ತಾನೇ ಒಂದು ವಿಷ. ಮಜ್ಜಿಗೆ, ಹುಣಿಸೆನೀರು, ಕೊಬ್ಬರಿ ಎಣ್ಣೆ ಇವಾವುವೂ ಕಣಗಿಲೆಗೆ ಪ್ರತಿವಿಷವಲ್ಲ. ನಿತ್ರಾಣವಾದ ಪ್ರಾಣಿಯ ಬಾಯಿಗೆ ಬಲವಂತವಾಗಿ ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದು ಹೊಸ ಅಪಾಯ ತರುತ್ತದೆ. ವಾಂತಿ ಮಾಡಿಸಬೇಕೇ ಬೇಡವೇ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಚಿಕಿತ್ಸಾಲಯದಲ್ಲಿ ಹೊಟ್ಟೆಯ ವಿಷವನ್ನು ಹೀರಿಕೊಳ್ಳಲು ಸಕ್ರಿಯ ಇದ್ದಿಲನ್ನು ಕೊಡುತ್ತಾರೆ, ರಕ್ತನಾಳದ ಮೂಲಕ ದ್ರವ ಏರಿಸುತ್ತಾರೆ, ಇ.ಸಿ.ಜಿ. ಮೂಲಕ ಮಿಡಿತವನ್ನು ಗಮನಿಸುತ್ತಾರೆ, ರಕ್ತದ ಪೊಟ್ಯಾಸಿಯಂ ಪರೀಕ್ಷಿಸುತ್ತಾರೆ, ಮಿಡಿತ ತೀರ ಇಳಿದರೆ ಅದಕ್ಕೆ ತಕ್ಕ ಚುಚ್ಚುಮದ್ದು ಕೊಡುತ್ತಾರೆ. ಡಿಜಾಕ್ಸಿನ್‌ಗೆ ಪ್ರತಿಯಾಗಿ ತಯಾರಿಸಿದ ಪ್ರತಿಕಾಯ ಔಷಧವು ಹಳದಿ ಕಣಗಿಲೆಯ ವಿಷಕ್ಕೂ ಫಲಕಾರಿ ಎಂಬುದನ್ನು ಶ್ರೀಲಂಕೆಯಲ್ಲಿ ಮನುಷ್ಯರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅದು ಬಹಳ ದುಬಾರಿ; ಪಶುಚಿಕಿತ್ಸೆಗೆ ಸುಲಭವಾಗಿ ದೊರೆಯುವಂಥದಲ್ಲ. ಆದುದರಿಂದ ಬೇಗ ತಲುಪುವುದೇ ನಮ್ಮ ಕೈಯಲ್ಲಿರುವ ದೊಡ್ಡ ಔಷಧ. ಕನಿಷ್ಠ ಒಂದು ದಿನ ವೈದ್ಯರ ನಿಗಾದಲ್ಲಿ ಇರಿಸುವುದು ಕ್ಷೇಮ. ತಾಲ್ಲೂಕಿನ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಮೊದಲೇ ಗೋಡೆಯ ಮೇಲೆ ಬರೆದಿಡಿ. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962. ಜಿಲ್ಲಾಕೇಂದ್ರವಾದ ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ಕೊಟ್ಟಿಗೆಯನ್ನೂ ತೊಟ್ಟಿಲನ್ನೂ ಮರೆಯದಿರೋಣ

ನಾಯಿಯನ್ನು ಕುರಿತು ಹೇಳಿದುದು ಕೊಟ್ಟಿಗೆಗೆ ಇನ್ನಷ್ಟು ಅನ್ವಯಿಸುತ್ತದೆ. ಹೈನುಗಾರಿಕೆಯನ್ನು ನೆಚ್ಚಿಕೊಂಡ ಕುಟುಂಬಗಳು ನಮ್ಮಲ್ಲಿ ಬಹಳ. 10ರಿಂದ 20 ಎಲೆಗಳು ಬೆಳೆದ ಹಸುವಿನ ಪ್ರಾಣ ತೆಗೆಯಬಲ್ಲವು ಎಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಬೇಲಿ ಸವರಿದ ಕೊಂಬೆಗಳನ್ನು ಹುಲ್ಲಿನ ರಾಶಿಯ ಬಳಿ ಹಾಕಿದರೆ, ಅಥವಾ ಮೇವು ಕೊಯ್ಯುವಾಗ ಎಲೆಗಳು ಅದರಲ್ಲಿ ಬೆರೆತರೆ, ಹಸು ಆರಿಸಿ ತಿನ್ನಲಾರದು. ಕಲಗಚ್ಚಿನ ಬಾನಿಗೆ ಪೂಜೆಯ ಹೂ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು.

ನೆರೆಯ ಕೇರಳದಲ್ಲಿ 2024ರಲ್ಲಿ ಈ ವಿಷಯ ದೊಡ್ಡ ಚರ್ಚೆಯಾಯಿತು. ಈ ಗಿಡದ ಎಲೆಯನ್ನು ಅಗಿದುದರಿಂದ ಯುವತಿಯೊಬ್ಬರ ಸಾವು ಸಂಭವಿಸಿತೆಂಬ ಶಂಕೆ ಮೂಡಿತು. ಎಲೆ ತಿಂದು ಹಸು ಮತ್ತು ಕರು ಸತ್ತ ಸುದ್ದಿಯೂ ಬಂದಿತು. ಆ ವರ್ಷದ ಮೇ ತಿಂಗಳಿನಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಬಳಸುವುದನ್ನು ನಿಲ್ಲಿಸಿದವು. ಮಲಯಾಳದಲ್ಲಿ ಇದರ ಹೆಸರು ಅರಳಿ. ಆ ಸುದ್ದಿಯನ್ನು ಕೇಳಿ ನಮ್ಮ ಅರಳಿಮರದ ಬಗ್ಗೆ ಯಾರೂ ಹೆದರಬೇಕಾಗಿಲ್ಲ. ಅವರ ಅರಳಿ ನಮ್ಮ ಕಣಗಿಲೆ. ದೇವರಿಗೆ ಏರಿಸುವುದಕ್ಕೂ ಬಾಯಿಗೆ ಹಾಕುವುದಕ್ಕೂ ಇರುವ ಭೇದವನ್ನು ಆ ತೀರ್ಮಾನ ಸ್ಪಷ್ಟಪಡಿಸಿತು. ಪ್ರಸಾದದ ಹೂವೆಂದು ಮಕ್ಕಳು ದಳವನ್ನು ಬಾಯಿಗೆ ಹಾಕಿಕೊಳ್ಳುವ ಸಂಭವ ನಮ್ಮ ಮನೆಗಳಲ್ಲಿಯೂ ಇದೆ. ಮಗು ಇದನ್ನು ತಿಂದಿತೆಂಬ ಶಂಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಡಿಯಬೇಕೇ, ಉಳಿಸಿಕೊಳ್ಳಬೇಕೇ?

ಇಷ್ಟೆಲ್ಲ ಓದಿದ ಮೇಲೆ ಕೊಡಲಿ ಎತ್ತಬೇಕೆಂಬ ಯೋಚನೆ ಬರಬಹುದು. ಎಲ್ಲ ಕಣಗಿಲೆಯನ್ನೂ ಕಡಿಯಬೇಕಾದ ಅಗತ್ಯವಿಲ್ಲ. ಮನೆಯಲ್ಲಿ ಯಾರಿದ್ದಾರೆ, ಗಿಡ ಎಲ್ಲಿದೆ ಎಂಬುದರ ಮೇಲೆ ನಿರ್ಧಾರವಿರಲಿ. ನಾಯಿಮರಿ, ತೆವಳುವ ಮಗು ಇರುವ ಮನೆಯ ಅಂಗಳದಲ್ಲಿ ಕಾಯಿ ಉದುರಿಸುವ ಹಳದಿ ಕಣಗಿಲೆ ಇದ್ದರೆ ಅದನ್ನು ತೆಗೆಯುವುದೇ ಲೇಸು. ಬೆಳೆದ ನಾಯಿ ಮಾತ್ರ ಇರುವಲ್ಲಿ, ದೂರದ ಬೇಲಿಯ ಕೆಂಪು ಕಣಗಿಲೆಯನ್ನು ಎಚ್ಚರದಿಂದ ಉಳಿಸಿಕೊಳ್ಳಬಹುದು.

ಉಳಿಸಿಕೊಳ್ಳುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ನಾಯಿಯನ್ನು ಕಟ್ಟುವ ಜಾಗ ಗಿಡದಿಂದ ದೂರವಿರಲಿ. ಸರಪಳಿಯ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೆಲಮಟ್ಟದ ಕೊಂಬೆಗಳನ್ನು ಸವರಿ. ಉದುರಿದ ಎಲೆ, ಕಾಯಿಗಳನ್ನು ದಿನವೂ ಗುಡಿಸಿ. ಸವರಿದ ಕೊಂಬೆಗಳನ್ನು ಒಲೆಗೆ ಹಾಕದೆ, ತಿಪ್ಪೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಹೂಳಿ. ನಿರ್ಮಾಲ್ಯಕ್ಕೂ ಅದೇ ಗುಂಡಿ ಇರಲಿ. ಕೆರೆ, ಕಟ್ಟೆ, ದನದ ತೊಟ್ಟಿಗಳು ಬೇಡ. ನಾಯಿಯ ನೀರಿನ ಪಾತ್ರೆ ಬೇರೆಡೆ ಇರಲಿ. ಗಿಡವನ್ನು ಮುಟ್ಟಿದ ಕೈಯನ್ನು ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ.

ಹೊಸದಾಗಿ ನೆಡುವವರಿಗೆ ಬೇರೆ ದಾರಿಯುಂಟು. ಮಲ್ಲಿಗೆ, ಗುಲಾಬಿಗಳು ನಾಯಿಗಳಿಗೆ ವಿಷಕಾರಿಯಲ್ಲದ ಹೂಗಿಡಗಳು, ಪೂಜೆಗೂ ಒದಗುತ್ತವೆ. ಸೇವಂತಿಗೆಯನ್ನು ತಿಂದ ನಾಯಿಗೆ ವಾಂತಿ, ಭೇದಿಯಾಗಬಹುದು. ಅದನ್ನು ಅಂಗಳದ ನೆಲದಲ್ಲಿ ಬೆಳೆಸದೆ ಎತ್ತರದ ಕುಂಡದಲ್ಲಿ ಬೆಳೆಸುವುದು ಮೇಲು. ನೆರಳಿಗೆ ಬೇಕಾದರೆ ಬೇವು ಇದ್ದೇ ಇದೆ.

ಪೂಜೆಗೆಂದು ಕೊಯ್ದ ಹೂವಿನಿಂದ ಒಂದು ಮೂಕಜೀವಕ್ಕೆ ಕೇಡಾಗಬಾರದು. ಗಿಡದ ತಪ್ಪೇನೂ ಇಲ್ಲ. ತನ್ನನ್ನು ಕಾಪಾಡಿಕೊಳ್ಳಲು ಅದು ವಿಷವನ್ನು ಧರಿಸಿದೆ. ನಾಯಿಯ ತಪ್ಪೂ ಇಲ್ಲ. ಅದಕ್ಕೆ ಸಸ್ಯಶಾಸ್ತ್ರ ತಿಳಿಯದು. ಎರಡನ್ನೂ ಒಂದೇ ಅಂಗಳದಲ್ಲಿ ತಂದಿರಿಸಿದವರು ನಾವು. ಆದುದರಿಂದ ಸದ್ಭಕ್ತರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ಹೊರಗೆ ಹೋಗಿ, ತಮ್ಮ ಬೇಲಿಯಂಚಿನ ಗಿಡ ಯಾವುದು, ಅದರ ಕೆಳಗೆ ಏನು ಬಿದ್ದಿದೆ, ನಾಯಿಯ ನೀರಿನ ಪಾತ್ರೆ ಎಲ್ಲಿದೆ ಎಂಬುದನ್ನು ನೋಡಿಕೊಳ್ಳಲಿ. ಆ ಕೆಲಸಕ್ಕೆ ಹತ್ತು ನಿಮಿಷ ಸಾಕು.